ಕರುಂಕಾಡಿನ ಗೋಡೆ

ಕರುಂಕಾಡಿನ ಇಗರ್ಜಿಗೆ ಬೀಗ ಜಡಿದು ಮೂರು ತಿಂಗಳಾಗಿತ್ತು. ಜಡಿಸಿದವರು ಫ್ರಾನ್ಸಿನಿಂದ ಬಂದು ತಮಿಳು ಸೀಮೆಯ ಬಿಸಿಲಲ್ಲೇ ಮುದುಕರಾದ ಬಿಷಪ್ ವಿಲಾರ್. ಮೇಲ್ಜಾತಿಯ ಕ್ರೈಸ್ತರು ಇಗರ್ಜಿಯ ನಡುವೆ ಆಳೆತ್ತರದ ಗೋಡೆ ಕಟ್ಟಿ ಹೊರಕೇರಿಯ ಕ್ರೈಸ್ತರನ್ನು ಅದರಾಚೆ ಕೂರಿಸಿದ್ದರು. ಗೋಡೆ ಬೀಳುವ ತನಕ ಪೂಜೆಯಿಲ್ಲ, ಗಂಟೆಯಿಲ್ಲ, ಹೆಣಕ್ಕೆ ಮಂತ್ರವೂ ಇಲ್ಲ ಎಂದು ಬಿಷಪ್ಪರ ಆಜ್ಞೆಯಾಯಿತು. ನ್ಯಾಯದ ಮಾತೇ. ಆದರೆ ಹಟದಲ್ಲಿ ಮೇಲ್ಜಾತಿಯವರು ಅವರಿಗಿಂತ ಒಂದು ಕೈ ಮೇಲು. ತಮ್ಮಲ್ಲಿ ಸತ್ತವರನ್ನು ಎತ್ತಿನ ಗಾಡಿಯಲ್ಲಿ ಪಕ್ಕದೂರಿಗೆ ಒಯ್ದು ಶಾಸ್ತ್ರೋಕ್ತವಾಗಿ ಮಣ್ಣು ಮಾಡಿ ಬಂದರು. ಗಾಡಿಯಿಲ್ಲದ ಕೇರಿಗೆ ಕಾಲರಾ ಬಂತು.

ಒಂದು ಬೆಳಿಗ್ಗೆ ಹೊರಕೇರಿಯ ಮುದುಕಿ ಸವರಿಯಮ್ಮ ಆರು ಮೈಲಿ ನಡೆದು ಬಂದು ಬಿಷಪ್ಪರ ಅಂಗಳದಲ್ಲಿ ಕೂತಳು.

"ಸೊಸೆ ತೀರ್ಕೊಂಡ್ಳು, ಸ್ವಾಮಿ. ಬಾಗ್ಲು ತೆಗೆಸ್ಬೇಕು."

"ನಾನೇ ಬಂದು ಗುಂಡಿ ಹತ್ರ ಪ್ರಾರ್ಥನೆ ಮಾಡ್ತೀನಮ್ಮ."

"ನಾಯಿ ಹೂಳೋ ಹಾಗೆ ಬೇಡ. ಇಗರ್ಜಿ ಒಳಗಿಟ್ಟು, ಗಂಟೆ ಹೊಡೆಸಿ ಕಳಿಸ್ಬೇಕು."

"ಈಗ ತೆಗೆದ್ರೆ ಗೋಡೆ ನಿಂತೇಬಿಡತ್ತೆ. ಇದೆಲ್ಲ ನಿಮಗೋಸ್ಕರ ತಾನೇ ಮಾಡಿದ್ದು?"

"ನಮ್ಮನ್ನ ಕೇಳಿ ಮಾಡಿದ್ರಾ? ಬಾಗ್ಲು ತೆಗೆದಿದ್ದಾಗ ಗೋಡೆಯಾಚೆ ನಮಗೂ ಒಂದು ಜಾಗ ಇತ್ತು. ಅದನ್ನೂ ಕಿತ್ಕೊಂಡ್ರಿ. ಬಿಸಿಲೇರ್ತಿದೆ ಸ್ವಾಮಿ, ಹೆಣ ಕಾಯಲ್ಲ."

ಬಿಷಪ್ಪರಿಗೆ ಸಿಟ್ಟು ನೆತ್ತಿಗೇರಿತು. ಮೂವತ್ತು ವರ್ಷ ಈ ಜನಕ್ಕಾಗಿ ಜೀವ ತೇದದ್ದಕ್ಕೆ ಇದೇನಾ ಸಿಗುವ ಮಾತು? ಸಿಟ್ಟು ಇಳಿದ ಮೇಲೆ ಒಳಗೆ ಹೋಗಿ ಇಗರ್ಜಿಯ ಬೀಗದ ಕೈ ತಂದರು. ಗಾಡಿ ಕಟ್ಟಿಸಿ, ಮುದುಕಿಯನ್ನೂ ಹತ್ತಿಸಿಕೊಂಡು ಹೊರಟರು.

ಗಂಟೆ ಬಾರಿಸಿದ್ದೇ ತಡ, ಮೇಲ್ಜಾತಿಯವರು ಒಗೆದ ಪಂಚೆ ಉಟ್ಟು ಬಂದು ತಮ್ಮ ಕಡೆ ತುಂಬಿಕೊಂಡರು. ಅವರ ಯಜಮಾನ ಸೂಸೈ ಪಿಳ್ಳೆ ಬಗ್ಗಿ ಬಿಷಪ್ಪರ ಉಂಗುರಕ್ಕೆ ಮುತ್ತಿಟ್ಟ.

"ಸ್ವಾಮಿಗಳು ದೊಡ್ಡ ಮನಸ್ಸು ಮಾಡಿದ್ರಿ. ನಾವೂ ಏನೂ ಮನಸ್ಸಲ್ಲಿ ಇಟ್ಕೊಂಡಿಲ್ಲ ಬಿಡಿ."

ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಹೆಣ ಗೋಡೆಯಾಚೆ ಇತ್ತು, ಬಲಿಪೀಠದಿಂದ ಕಾಣುತ್ತಿರಲಿಲ್ಲ. ಬಿಷಪ್ಪರು ಸುಣ್ಣ ಬಳಿದ ಗೋಡೆಗೇ ಮುಖ ಮಾಡಿ ಪ್ರಾರ್ಥನೆ ಹೇಳಿದರು. ತೀರ್ಥ ಚಿಮುಕಿಸಲು ಅಂಗಳಕ್ಕಿಳಿದು ಸುತ್ತಿ ಹೋಗಬೇಕಾಯಿತು.

ಮಣ್ಣು ಮುಚ್ಚಿದ ಮೇಲೆ ಸವರಿಯಮ್ಮ ಅವರ ಕಾಲಿಗೆ ಬಿದ್ದಳು. ಆಕೆ ನಾಲ್ಕು ಮಾತು ಬೈದಿದ್ದರೆ ಅವರ ಎದೆಭಾರ ಸ್ವಲ್ಪವಾದರೂ ಇಳಿಯುತ್ತಿತ್ತು. ಅವಳು ಬೈಯಲಿಲ್ಲ.

"ಮತ್ತೆ ಬೀಗ ಹಾಕ್ಬೇಡಿ, ಸ್ವಾಮಿ" ಎಂದಳು. "ಮೊಮ್ಮಗಳಿಗೂ ವಾಂತಿ ಶುರುವಾಗಿದೆ."

"ಹಾಕಲ್ಲಮ್ಮ" ಎಂದರು ಬಿಷಪ್ಪರು.