ಸ್ತಮೇನಜ್ಜಿ ಗೇಟು ತೆಗೆಸಿದ್ದು

ನಮ್ಮೂರ ಸ್ತಮೇನಜ್ಜಿಗೆ ಮೊಮ್ಮಗಳದ್ದೇ ಚಿಂತೆ. ಯೊಂಕಾಗೆ ನಾಲ್ಕು ತುಂಬಿತ್ತು, ಆದರೆ ಬಾಯಲ್ಲಿ ಮಾತಿಲ್ಲ. ಮೊಸರು ಬೇಕಾದರೂ ಬೆರಳು ತೋರಿಸುತ್ತಿದ್ದಳು, ನೀರು ಬೇಕಾದರೂ ಬೆರಳೇ. ಡಾಕ್ಟರು ನೋಡಿ, "ಕಿವಿ ಚೆನ್ನಾಗಿದೆ, ಮಗು ಜೊತೆ ಹೆಚ್ಚು ಮಾತಾಡಿ" ಎಂದಿದ್ದರು.

ಅಷ್ಟರಲ್ಲಿ ಯೊಂಕಾ ಹೋಗುತ್ತಿದ್ದ ಶಿಶುವಿಹಾರದ ಟೀಚರ್ ಮಾಲಿನಾ ಮಕ್ಕಳನ್ನು ಹಿಂದಿನ ಗೇಟಿನಿಂದ ಹೊಳೆದಂಡೆಗೆ ಕರೆದೊಯ್ಯುತ್ತಾಳೆ ಅನ್ನೋ ಸುದ್ದಿ ಬಂತು. ಅಜ್ಜಿ ಕೆಂಡವಾಗಿ ನೇರ ಮಾಲಿನಾಳ ಹತ್ತಿರ ಹೋದಳು.

"ಅಕ್ಷರ ಕಲಿಸಮ್ಮ ಅಂತ ಕಳಿಸಿದ್ರೆ ಕೆಸರು ತುಳಿಸ್ತೀಯಾ? ನನ್ನ ಮೇಕೆಗಳೂ ದಿನಾ ಹೊಳೆ ದಂಡೇಲೇ ಇರ್ತವೆ. ಒಂದಾದ್ರೂ ಪೇಪರ್ ಓದಿದೆಯಾ?"

ಮಾಲಿನಾ ನಕ್ಕಳು. "ಮೇಕೆಗಳ ಜೊತೆ ಯಾರೂ ಮಾತಾಡಲ್ಲ ಅಜ್ಜಿ. ನಾವು ಮಾತಾಡ್ತೀವಿ. ನಾಳೆ ಬಂದು ನೋಡಿ, ಆಮೇಲೆ ಬೈಯಿರಿ."

ಅಜ್ಜಿ ಬಿಡಲಿಲ್ಲ. ಅವತ್ತೇ ಮೇಯರ್ ಮಿಲ್ಕೊಗೆ ದೂರು ಕೊಟ್ಟಳು. ಮಾರನೇ ದಿನ ತಪ್ಪು ಹಿಡಿಯೋಣ ಅಂತ ಹೊಳೆದಂಡೆಗೂ ಹೋದಳು.

ಅಲ್ಲಿ ಯೊಂಕಾ ಒಂದು ಬಸವನಹುಳದ ಮುಂದೆ ಕೂತಿದ್ದಳು. ಮುಟ್ಟಿದೊಡನೆ ಹುಳ ಚಿಪ್ಪಿನೊಳಗೆ ಸೇರಿಕೊಂಡಿತು. ಮಾಲಿನಾ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. "ಅಯ್ಯೋ, ಒಳಗೆ ಹೋಯ್ತು! ಯಾಕಿರಬಹುದು?" ಅಂದವಳು ಸುಮ್ಮನೆ ಕಾದಳು. ಅವಸರ ಮಾಡಲಿಲ್ಲ.

"ಹೆದ್ರಿದೆ," ಅಂದಳು ಯೊಂಕಾ.

ಅಜ್ಜಿ ತಲೆವಸ್ತ್ರದ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹೌದು, ಪಾಪ, ನಿನ್ನ ಬೆರಳು ನೋಡಿ ಹೆದರಿದೆ," ಅಂತ ಮಾಲಿನಾ ಮಗುವಿನ ಒಂದು ಮಾತನ್ನೇ ಉದ್ದ ಮಾಡಿದಳು. ಬಸವನಹುಳಕ್ಕೆ ನಮ್ಮ ದೇಶದ ಭಾಷೆಯಲ್ಲಿರುವ ಹೆಸರು ಸೊನ್ನೆಯಂಥ ದುಂಡನೆ ಅಕ್ಷರದಿಂದ ಶುರುವಾಗುತ್ತದೆ. ಆ ಅಕ್ಷರವನ್ನು ಕಡ್ಡಿಯಿಂದ ಕೆಸರಲ್ಲಿ ಬರೆದು ತೋರಿಸಿದಳು. ಯೊಂಕಾ ಕಡ್ಡಿ ಕಿತ್ತುಕೊಂಡು ತಾನೂ ಬರೆದಳು.

ಮರುದಿನ ಬೆಳಿಗ್ಗೆ ನೋಡಿದರೆ ಹಿಂದಿನ ಗೇಟಿಗೆ ಬೀಗ! ಮಿಲ್ಕೊ ಬೀಗದಕೈ ಹಿಡಿದು ನಿಂತಿದ್ದ.

"ನೀವೇ ತಾನೇ ಅಜ್ಜಿ ದೂರು ಕೊಟ್ಟಿದ್ದು? ಇನ್ಮೇಲೆ ಮಕ್ಕಳು ಒಳಗೇ ಕೂತು ಪುಸ್ತಕ ನೋಡ್ಲಿ."

"ಪುಸ್ತಕ ನಾವೂ ಓದ್ತೀವಿ, ಹೊಳೆ ದಂಡೇಲಿ," ಎಂದಳು ಮಾಲಿನಾ. "ಕಪ್ಪೆ ನೋಡಿದ ಮಗು ಕಪ್ಪೆ ಕಥೆ ಓದು ಅಂತ ಬೆನ್ನು ಬೀಳುತ್ತೆ."

"ಮೋಡ ಕವಿದಿದೆಯಲ್ಲ, ಮಳೆ ಬಂದ್ರೆ?"

"ಬೂಟು, ರೇನ್‌ಕೋಟು ಇವೆ!" ಅಜ್ಜಿ ಗೇಟಿನ ಕಂಬಿ ಹಿಡಿದು ನಿಂತಳು. "ನೀನೂ ಇದೇ ಹೊಳೇಲಿ ಬಿದ್ದು ಎದ್ದು ಬೆಳೆದೋನು ಮಿಲ್ಕೊ. ಸಕ್ಕರೆ ಗೊಂಬೆ ಆಗಿದ್ರೆ ಯಾವತ್ತೋ ಕರಗ್ತಿದ್ದೆ. ದೂರು ಕೊಟ್ಟೋಳು ನಾನೇ, ವಾಪಸ್ ತಗೊಳ್ಳೋಳೂ ನಾನೇ. ತೆಗಿ ಬೀಗ! ತೆಗೆಯೋವರೆಗೂ ನಾನಿಲ್ಲಿಂದ ಕದಲಲ್ಲ."

ಮಕ್ಕಳನ್ನು ಬಿಡಲು ಬಂದ ತಾಯಂದಿರೂ ಒಬ್ಬೊಬ್ಬರಾಗಿ ಅಜ್ಜಿಯ ಪಕ್ಕ ನಿಂತರು. ಮಿಲ್ಕೊ ತಲೆ ಕೆರೆದುಕೊಂಡ. ಬೀಗ ತೆಗೆದು ಜೇಬಿಗೆ ಹಾಕಿಕೊಂಡು ಹೋದ.

ಈಗ ಯೊಂಕಾ ನೆಲದ ಮೇಲೆ ತನ್ನ ಹೆಸರು ಬರೆಯುತ್ತಾಳೆ. ಮಾತಿಗಂತೂ ಕೊನೆಯಿಲ್ಲ. "ಒಂದ್ನಿಮಿಷ ಬಾಯಿ ಮುಚ್ಚೇ ತಾಯಿ," ಅಂತ ಅಜ್ಜಿಯೇ ಗೋಗರೆಯುತ್ತಾಳೆ.

ಓದುವ ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ಮಗುವಿನ ಕೈ ಹಿಡಿದು ಇವತ್ತೇ ಹೊರಗೆ ಹೊರಡಿ. ಎಲೆ, ಇರುವೆ, ಕಲ್ಲು, ಕಂಡದ್ದರ ಹೆಸರು ಹೇಳಿ. ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. ಮಣ್ಣಲ್ಲಿ ಅಕ್ಷರ ಗೀಚಲು ಬಿಡಿ. ಬಟ್ಟೆ ಕೊಳೆಯಾಗುತ್ತೆ ಅಂತ ಯಾರಾದರೂ ತಡೆದರೆ ಮುಖಕ್ಕೇ ಹೇಳಿ: ಬಟ್ಟೆ ಒಗೆದುಕೊಳ್ಳುತ್ತೇವೆ, ಮಗುವಿನ ಬಾಯಿಗೆ ಬೀಗ ಹಾಕಲು ಬಿಡುವುದಿಲ್ಲ!