ನಾಲ್ಕನೇ ಮಹಡಿಗೆ ಬಂದ ಮುಗುಡುಗಳು

ಮೊದಲ ಮಳೆ ಹೊಯ್ದ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಕೊಡಿಯಾಲ್‌ಬೈಲಿನ ಗುಣಸಾಗರ ಅಪಾರ್ಟ್‌ಮೆಂಟಿನ ಗೇಟಿಗೆ ಹತ್ತೊಂಬತ್ತು ಮುಗುಡು ಮೀನುಗಳು ನಡೆದುಕೊಂಡು ಬಂದವು.

ಮುಗುಡು ನಡೆಯುವುದು ದೊಡ್ಡ ಸಂಗತಿಯಲ್ಲ. ಎದೆಯ ಬಳಿಯ ಎರಡು ಈಜುರೆಕ್ಕೆಗಳನ್ನು ಮೊಣಕೈಯಂತೆ ನೆಲಕ್ಕೆ ಊರಿ, ಬಾಲ ಬೀಸಿ, ಮಳೆಗಾಲದಲ್ಲಿ ಅದು ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟುವುದನ್ನು ಆ ಕಡೆಯ ಹಿರಿಯರೆಲ್ಲ ಕಂಡಿದ್ದರು. ಆದರೆ ಇವು ಸಾಲು ತಪ್ಪದೆ ಬಂದವು. ಬಿಳಿ ಮೀಸೆಯ ಒಂದು ಹಿರಿಯ ಮೀನು ಮುಂದೆ, ಉಳಿದವು ಹಿಂದೆ. ಗೇಟಿನ ಬಳಿ ಬಂದು ನಿಂತವು.

ವಾಚ್‌ಮ್ಯಾನ್ ತುಕ್ರ ಅವುಗಳನ್ನು ಒಮ್ಮೆ ನೋಡಿದರು, ಆಮೇಲೆ ವಿಸಿಟರ್ಸ್ ಪುಸ್ತಕ ತೆರೆದರು. ಅಪಾರ್ಟ್‌ಮೆಂಟ್ ಏಳುವ ಮೊದಲು ಅದೇ ಜಾಗದ ಗದ್ದೆಯಲ್ಲಿ ಮೂವತ್ತು ವರ್ಷ ಉತ್ತವರು ಅವರು. ಮೀನಿನ ಮುಖ ನೋಡಿ ಮನಸ್ಸು ಹೇಳಬಲ್ಲವರು. ಹೆಸರು: ಮುಗುಡು. ಎಷ್ಟು ಜನ: ಹತ್ತೊಂಬತ್ತು. ಯಾರನ್ನು ನೋಡಲು: ಗುಣವತಿ ಅಮ್ಮ, ೪೦೨. ಕಾರಣ: ಸ್ವಂತ. ಫೋನ್ ನಂಬರಿನ ಜಾಗದಲ್ಲಿ ಒಂದು ಗೆರೆ ಎಳೆದು ಗೇಟು ತೆಗೆದರು.

ಲಿಫ್ಟಿನ ಬಟನ್ ಎಟುಕದ್ದರಿಂದ ಮೀನುಗಳು ಮೆಟ್ಟಿಲು ಹತ್ತಿದವು.

ನಾನೂರ ಎರಡನೇ ಮನೆಯ ಬಾಗಿಲು ತೆರೆದವಳು ನಿರೀಕ್ಷಾ. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಪುಸ್ತಕಕ್ಕೆ ತಾರೀಖಿನ ಮುದ್ರೆ ಒತ್ತುತ್ತ ಒತ್ತುತ್ತ ಎಲ್ಲಿಗೋ ತೇಲಿಹೋಗುವ ಹುಡುಗಿ. ಚಪ್ಪಲಿ ಸ್ಟ್ಯಾಂಡಿನ ಪಕ್ಕ ಸಾಲಾಗಿ ಕೂತ ಮೀನುಗಳನ್ನು ಕಂಡು ಅವಳು ಕಿರುಚಲಿಲ್ಲ. ಬಚ್ಚಲಿನಿಂದ ಒಂದು ಚೊಂಬು ನೀರು ತಂದು ಮೆಲ್ಲನೆ ಅವುಗಳ ಮೈಮೇಲೆ ಹನಿಸಿದಳು.

ಕತೆ ನಿಜವಾಗಿತ್ತು! ಅಜ್ಜಿ ಗುಣವತಿ ಹೇಳುತ್ತಿದ್ದ ಕತೆ. ಮೊದಲ ಮಳೆಗೆ ಮೀನುಗಳು ಹೊಳೆಯಿಂದ ಗದ್ದೆಗೆ ಏರಿ ಬರುತ್ತವೆ. ಮೇಲಿನ ಕೆರೆಗೆ ಹೋಗಬೇಕು, ಆದರೆ ನಡುವೆ ಎತ್ತರದ ದಂಡೆ. ಆಗ ಅಜ್ಜಿ ಕೆಸರಿನಲ್ಲಿ ಕೂತು ಬರಿಗೈಯನ್ನು ನೀರಲ್ಲಿ ಇಡುತ್ತಾಳೆ. ಮುಂದಿನ ಮೀನು ತಾನಾಗಿ ಅಂಗೈಗೆ ಹತ್ತುತ್ತದೆ. ಅದನ್ನು ಎತ್ತಿ, ಕಿವಿ ಇರಬಹುದಾದ ಜಾಗದಲ್ಲಿ ಒಂದು ಮಾತು ಹೇಳಿ ದಂಡೆ ದಾಟಿಸಿದರೆ ಉಳಿದವಕ್ಕೆ ಧೈರ್ಯ ಬಂದು ತಾವೇ ದಾಟುತ್ತವೆ. ಕಟ್ಟಕಡೆಯ ಮೀನು ಮಾತ್ರ ಹಿಂದೆ ಉಳಿಯುತ್ತದೆ. ಅದು ಅಜ್ಜಿಯ ಸಾರಿಗೆ. ಹಾಗೆಂದು ಒಪ್ಪಂದ.

ಗದ್ದೆ ಹೋಗಿ ಅಪಾರ್ಟ್‌ಮೆಂಟ್ ಬಂದ ಮೇಲೂ ಪ್ರತಿ ಮೊದಲ ಮಳೆಗೆ ಅಜ್ಜಿ ಮಲ್ಲಿಗೆ ತರುತ್ತೇನೆಂದು ಕೆಳಗೆ ಹೋಗಿ, ಒದ್ದೆ ಸೀರೆಯಲ್ಲಿ ಮಲ್ಲಿಗೆ ಇಲ್ಲದೆ ಬರುತ್ತಿದ್ದಳು. ಮನೆಯವರು ಅರಳುಮರಳು ಎಂದುಕೊಂಡಿದ್ದರು. ಹೋದ ದೀಪಾವಳಿಗೆ ತೀರಿಕೊಳ್ಳುವ ಮುನ್ನ ನಿರೀಕ್ಷಾಳ ಅಂಗೈಯನ್ನು ಒತ್ತಿ ಹಿಡಿದು, “ಕೈ ಉಂಟು ಮಗಾ, ಹೆದರ್ಬೇಡ” ಎಂದಿದ್ದಳು. ಆ ಕೈ ತನಗೇ ಬಂತೆಂದು ನಿರೀಕ್ಷಾ ಅಂದಿನಿಂದ ನಂಬಿದ್ದಳು.

ಈ ಸಲ ಅಜ್ಜಿ ಕೆಳಗೆ ಬರಲಿಲ್ಲವೆಂದು ಮೀನುಗಳೇ ಮೇಲೆ ಬಂದಿದ್ದವು.

ಭಾನುವಾರ ಹತ್ತು ಗಂಟೆಗೆ ಪಾರ್ಕಿಂಗಿನಲ್ಲಿ ತುರ್ತು ಸಭೆ ಸೇರಿತು. ಅಧ್ಯಕ್ಷ ಸರ್ವೋತ್ತಮ, ನಿರೀಕ್ಷಾಳ ಅಪ್ಪ. ಕಂಕನಾಡಿಯಲ್ಲಿ ಅವರ ಹೋಟೆಲಿನ ಮೀನೂಟಕ್ಕೆ ಜನ ಕ್ಯೂ ನಿಲ್ಲುತ್ತಾರೆ. ಅವರು ಮಾತ್ರ ಹಸಿ ಮೀನನ್ನು ಬೆರಳ ತುದಿಯಿಂದಲೂ ಮುಟ್ಟಿದವರಲ್ಲ.

“ಬೈಲಾ ಪ್ರಕಾರ ಇವು ಸಾಕುಪ್ರಾಣಿಯಾ, ಗೆಸ್ಟಾ?” ಎಂದು ಕೇಳಿದ ಮೂರನೇ ಮಹಡಿಯ ಡೆರಿಲ್. “ಗೆಸ್ಟ್ ಆದ್ರೆ ಒಂದು ರಾತ್ರಿಗಿಂತ ಹೆಚ್ಚು ನಿಲ್ಲುವಾಗ ಫಾರ್ಮ್ ತುಂಬಿಸ್ಬೇಕು.”

“ಫಾರ್ಮಿಗೆ ಸಹಿ ಯಾರು ಹಾಕುದು ಮಾರಾಯ, ಮೀನಾ?” ಹಿಂದಿನಿಂದ ಯಾರೋ ಕೇಳಿದರು.

“ಹಾಗಾದ್ರೆ ಗಸಿ ಮಾಡುವ. ತೆಂಗಿನಕಾಯಿ ನಂದು.”

“ಡೆರಿಲ್, ಸುಮ್ನಿರು!” ಸರ್ವೋತ್ತಮ ಕೈಗೆ ಸ್ಯಾನಿಟೈಸರ್ ಉಜ್ಜಿಕೊಂಡರು. “ಮೆಟ್ಟಿಲಲ್ಲಿ ಲೋಳೆ, ಮುದುಕರು ಜಾರಿ ಬಿದ್ರೆ ನನ್ನ ತಲೆಗೆ. ಹನ್ನೆರಡು ಗಂಟೆಗೆ ಬ್ಲೀಚಿಂಗ್ ಪೌಡರ್ ಹಾಕಿಸ್ತೇನೆ. ಮುಗೀತು.”

“ಪಪ್ಪ!” ನಿರೀಕ್ಷಾ ಎದ್ದು ನಿಂತಳು. “ಹನ್ನೆರಡರ ಒಳಗೆ ನಾನು ಕೈಯಲ್ಲಿ ಹಿಡಿದು ಕೆರೆಗೆ ಬಿಡ್ತೇನೆ. ಒಂದನ್ನು ದಾಟಿಸಿದ್ರೆ ಸಾಕು, ಉಳಿದವು ಹೋಗ್ತವೆ.”

“ನೀನು ಜಿರಳೆ ಕಂಡ್ರೆ ಮಂಚ ಹತ್ತುವವಳು.”

“ಕೈ ನನ್ನ ಹತ್ರ ಉಂಟು. ಅಜ್ಜಿ ಕೊಟ್ಟದ್ದು.”

ಸರ್ವೋತ್ತಮ ವಾಚು ನೋಡಿದರು. “ಹನ್ನೆರಡು ಅಂದ್ರೆ ಹನ್ನೆರಡು.”

ನಿರೀಕ್ಷಾ ಅಗಲದ ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿಸಿ, ಬಾಗಿಲ ಮುಂದೆ ಹಾಕಿದ ಮಣೆಯ ಮೇಲೆ ಕೂತು, ಎರಡೂ ಕೈ ನೀರಿಗೆ ಇಳಿಬಿಟ್ಟಳು. ಬಿಳಿ ಮೀಸೆಯ ಮುಗುಡು ಟಬ್ಬಿನ ಅಂಚು ಹತ್ತಿ ನೀರಿಗೆ ಜಾರಿತು. ಹತ್ತಿರ ಬಂದು ಮೀಸೆಯಿಂದ ಅವಳ ಮಣಿಕಟ್ಟನ್ನು ತಡವಿತು. ಎಡಗೈ ನೋಡಿತು, ಬಲಗೈ ನೋಡಿತು. ಆಮೇಲೆ ಬ್ಯಾಂಕಿನ ಕೌಂಟರಿನಲ್ಲಿ ತಪ್ಪು ಫಾರ್ಮ್ ಕಂಡ ಗುಮಾಸ್ತನಂತೆ ಮುಖ ತಿರುಗಿಸಿತು. ಅವಳು ಆತುರಪಟ್ಟು ಹಿಡಿಯಲು ಹೋದಳು. ಚುಳ್ ಎಂದಿತು. ಈಜುರೆಕ್ಕೆಯ ಮುಳ್ಳು ಹೆಬ್ಬೆರಳಿಗೆ ಹೊಕ್ಕಿತ್ತು.

ತುಕ್ರ ಅರಸಿನ ಹಿಡಿದುಕೊಂಡೇ ಮೇಲೆ ಬಂದರು, ಹೀಗಾಗುತ್ತದೆಂದು ಗೊತ್ತಿದ್ದವರಂತೆ.

“ಅಕ್ಕೆರೆ, ನಿಮ್ಮ ಬರಿ ಯಾವುದು?”

ಬರಿ ಎಂದರೆ ಕುಲದ ಬಳ್ಳಿ. ತುಳುನಾಡಿನಲ್ಲಿ ಅದು ತಾಯಿಯ ಕಡೆಯಿಂದ ಬರುವಂಥದ್ದು. ನಿರೀಕ್ಷಾ ತನ್ನ ಅಮ್ಮನ ಬರಿಯ ಹೆಸರು ಹೇಳಿದಳು. ಹೇಳುತ್ತಿದ್ದಂತೆ ಅವಳ ಸ್ವರ ಇಳಿಯಿತು.

“ಅದೇ ನೋಡಿ. ನೀವು ಮಗನ ಮಗಳು. ನಿಮಗೆ ಅಜ್ಜಿಯ ಮೂಗು ಬಂದಿದೆ, ಬರಿ ಬರ್ಲಿಲ್ಲ. ಈ ಮೀನುಗಳು ಹಳೆ ಕಾಲದವು, ತಾಯಿಬಳ್ಳಿಯ ಅಳಿಯಕಟ್ಟು ಬಿಟ್ಟು ಬೇರೆ ಕಾನೂನು ಗೊತ್ತಿಲ್ಲ.”

“ಮತ್ತೆ ಅಜ್ಜಿಯ ಬರಿಯವರು ಈಗ ಯಾರುಂಟು?”

ತುಕ್ರ ಮೆಟ್ಟಿಲ ಕಡೆ ನೋಡಿದರು. ಅಲ್ಲಿ ಗಂಟೆ ಹನ್ನೊಂದೂವರೆ ಎಂದು ಸಾರುತ್ತ ಸರ್ವೋತ್ತಮ ಹತ್ತಿ ಬರುತ್ತಿದ್ದರು. ಗುಣವತಿಯ ಹೊಟ್ಟೆಯಲ್ಲಿ ಹುಟ್ಟಿದ ಮಗ.

ಹತ್ತೊಂಬತ್ತು ಮೀನುಗಳೂ ಒಟ್ಟಿಗೆ ಅವರ ಕಡೆ ತಿರುಗಿ ಮೀಸೆ ಎತ್ತಿದವು.

“ಎಂತ ಇದು? ಹೀಗೆ ಯಾಕೆ ನೋಡ್ತಾವೆ?” ಸರ್ವೋತ್ತಮ ಒಂದು ಮೆಟ್ಟಿಲು ಹಿಂದೆ ಸರಿದರು. ಬಿಳಿ ಮೀಸೆ ಟಬ್ಬಿನಿಂದ ಹಾರಿ ಅವರ ಬಲಗಾಲಿನ ಬೂಟಿನ ಮೇಲೆ ಕೂತು ಉಸಿರೆಳೆಯಿತು.

ನಿರೀಕ್ಷಾಳಿಗೆ ಅಳು ಬಂತು. ಹೆಬ್ಬೆರಳು ಬೆಂಡೆಕಾಯಿಯಷ್ಟು ಊದಿತ್ತು. ಆದರೆ ನೋವು ಅಲ್ಲಿರಲಿಲ್ಲ. ಇಷ್ಟು ವರ್ಷ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕತೆ ಕೇಳಿದವಳು ತಾನು. ಕೈ ಹೋದದ್ದು ಕತೆ ಶುರುವಾದರೆ ಟೀವಿ ಸ್ವರ ಹೆಚ್ಚಿಸುತ್ತಿದ್ದ ಅಪ್ಪನಿಗೆ. ಬೇಡ, ಹೇಳದೆ ಇದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಕೆಳಗೆ ಬ್ಲೀಚಿಂಗ್ ಪೌಡರಿನ ಚೀಲ ಇಳಿಸಿದ ಸದ್ದು ಕೇಳಿತು.

“ಪಪ್ಪ, ಬಗ್ಗಿ. ಕೈ ಕೊಡಿ ಅದಕ್ಕೆ.”

“ನನ್ನಿಂದ ಆಗುದಿಲ್ಲ.”

“ಅಜ್ಜಿ ನಿಮ್ಮ ಅಮ್ಮ ಅಲ್ವಾ?”

ಸರ್ವೋತ್ತಮ ಕಣ್ಣು ಮುಚ್ಚಿ ಅಂಗೈ ಚಾಚಿದರು. ಮೀನು ತನ್ನ ಸ್ವಂತ ಕುರ್ಚಿಗೆ ಕೂರುವ ಯಜಮಾನನಂತೆ ಹತ್ತಿ ಕೂತಿತು. ಚುಚ್ಚಲಿಲ್ಲ. ಅವರು ಒಂದು ಕಣ್ಣು ತೆರೆದರು. “ತಣ್ಣಗೆ ಉಂಟಲ್ಲ,” ಎಂದರು ಮೆಲ್ಲನೆ. “ಅಮ್ಮನ ಕೈ ಹಾಗೆ.”

ಮೆರವಣಿಗೆ ಮೆಟ್ಟಿಲಿಳಿಯಿತು. ಅಪ್ಪ ಮುಂದೆ, ಹಿಂದೆ ಹದಿನೆಂಟು ಮೀನು, ಆಮೇಲೆ ನಿರೀಕ್ಷಾ, ಕೊನೆಗೆ ತೆಂಗಿನಕಾಯಿ ಹಿಡಿದ ಡೆರಿಲ್. ಪಾರ್ಕಿಂಗಿನ ಹಿಂದೆ, ಹಳೆಯ ದಂಡೆಯಿದ್ದ ಕಡೆ, ಕಾಂಪೌಂಡ್ ಗೋಡೆ. ಗೋಡೆಯ ಆಚೆ ಅಜ್ಜಿಯ ಕತೆಯ ಕೆರೆ. ಗೋಡೆಯ ಬಳಿ ಬಂದಾಗ ಮೀನು ಸರ್ವೋತ್ತಮರ ಕೈಯನ್ನು ಬಿಗಿಯಾಗಿ ಕಚ್ಚಿಕೊಂಡಿತು. ಇಳಿಯಲೊಲ್ಲದು.

“ಈಗ ಎಂತ?”

“ಮಾತು ಹೇಳ್ಬೇಕು.”

“ಯಾವ ಮಾತು? ನನಗೆಂತ ಗೊತ್ತು?”

ನಿರೀಕ್ಷಾ ಅಪ್ಪನ ಕಿವಿಯ ಬಳಿ ಬಾಗಿದಳು. ಅವಳು ಒಂದೊಂದೇ ಶಬ್ದ ಹೇಳಿಕೊಟ್ಟಳು, ಶಾಲೆಯ ಹುಡುಗನಂತೆ ಅಪ್ಪ ಮೀನಿನ ಕಿವಿಗೆ ದಾಟಿಸಿದರು: “ನಾನು ನಿನ್ನ ಗುರ್ತದ ಬರಿಯವನು. ದಂಡೆ ನನ್ನದು, ದಾರಿ ನಿನ್ನದು.” ಹಿಡಿತ ಸಡಿಲಿತು. ಗೋಡೆಯಾಚೆ ಗುಳುಂ ಎಂದು ಸದ್ದಾಯಿತು. ಕೂಡಲೇ ಉಳಿದವು ಈಜುರೆಕ್ಕೆ ಊರಿ, ಪಾಚಿಗಟ್ಟಿದ ಗೋಡೆ ಹತ್ತಿ, ಒಂದರ ಹಿಂದೆ ಒಂದು ಆಚೆ ಬಿದ್ದವು.

ಒಂದು ಉಳಿಯಿತು. ಚಿಕ್ಕದು, ಎಳೆ ಮೀಸೆಯದು. ಒಪ್ಪಂದದಂತೆ ಅದು ತಿರುಗಿ ಮನೆಯ ಕಡೆ, ಅಡುಗೆಮನೆ ಇರುವ ದಿಕ್ಕಿಗೆ ಹೊರಟಿತ್ತು.

“ಇದು ಸಾರಿನದ್ದು, ಅಲ್ವಾ?” ಡೆರಿಲ್ ತೆಂಗಿನಕಾಯಿ ಎತ್ತಿದ.

“ಇದಕ್ಕೂ ಮಾತು ಉಂಟಾ?” ಎಂದರು ಸರ್ವೋತ್ತಮ. ಈಗ ಅವರಿಗೆ ಹುಮ್ಮಸ್ಸು ಬಂದಿತ್ತು.

“ಉಂಟು. ಆದರೆ ಕತೆ ಅಲ್ಲಿಗೆ ಬರುವಾಗ ನನಗೆ ಯಾವಾಗ್ಲೂ ನಿದ್ದೆ ಬರ್ತಿತ್ತು.”

ಅವಳು ಕೆಸರು ನೀರಿನಲ್ಲಿ ಕುಕ್ಕರಿಸಿ ಕೂತು, ಊದಿದ ಕೈಯನ್ನು ಮೀನಿನ ದಾರಿಯಲ್ಲಿ ಇಟ್ಟಳು. ಮೀನು ನಿಂತಿತು.

“ನಾನು ಗುಣವತಿಯ ಬರಿಯವಳಲ್ಲ,” ಎಂದಳು. “ದಂಡೆಯೂ ನನ್ನದಲ್ಲ. ನನ್ನ ಹೆಸರು ನಿರೀಕ್ಷಾ. ನನ್ನ ಹತ್ರ ನಿನಗೆ ಯಾವ ಒಪ್ಪಂದವೂ ಇಲ್ಲ, ಸಾರೂ ಇಲ್ಲ. ಬೇಕಾದ್ರೆ ಬಾ.”

ಮೀನು ಬಹಳ ಹೊತ್ತು ಯೋಚಿಸಿತು. ಬ್ಲೀಚಿಂಗ್ ಪೌಡರಿನವನು ಎರಡು ಸಲ ವಾಚು ನೋಡಿದ. ಕೊನೆಗೆ ಅದು ಒಂದು ಈಜುರೆಕ್ಕೆ ಎತ್ತಿ ಅವಳ ಬೆರಳ ಮೇಲೆ ಇಟ್ಟಿತು. ಆಮೇಲೆ ಇನ್ನೊಂದು.

ಗೋಡೆ ದಾಟಿಸಿ ಬಂದಾಗ ತುಕ್ರ ಗೇಟಿನ ಬಳಿ ಪುಸ್ತಕ ತೆರೆದು ಕೂತಿದ್ದರು. ಹೊರಗೆ ಹೋದ ಸಮಯ: ೧೧.೫೫. ಗುಣವತಿ ಅಮ್ಮ ಎಂದು ಬರೆದಿದ್ದ ಕಡೆ ಸ್ವಲ್ಪ ಹೊತ್ತು ಪೆನ್ನು ನಿಲ್ಲಿಸಿದರು. ಅದನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಹದಿನೆಂಟಕ್ಕೆ ಸರ್ವೋತ್ತಮ ಶೆಟ್ರು ಎಂದು ಬರೆದು, ಮತ್ತೊಂದು ಸಾಲು ಎಳೆದು, ಒಂದಕ್ಕೆ ನಿರೀಕ್ಷಕ್ಕ ಎಂದು ಬರೆದರು.

“ಅಕ್ಕೆರೆ, ಇಲ್ಲೊಂದು ಸಹಿ ಹಾಕಿ.”

ಹೆಬ್ಬೆರಳು ಮಡಚಲು ಬರುತ್ತಿರಲಿಲ್ಲ. ನಿರೀಕ್ಷಾ ಕೆಸರಿನ ಅಂಗೈಯನ್ನೇ ಇಡಿಯಾಗಿ ಪುಟದ ಮೇಲೆ ಒತ್ತಿದಳು.