ಮುಯ್ಯಾಳು

"ಮಗಳ ಓದಿಗಿಂತ ಒಂದು ದಿನದ ಕೂಲಿ ದೊಡ್ಡದಾಯ್ತಾ ನಿಮ್ಮ ಮನೆಯವರಿಗೆ?"

ಪ್ರವೇಶದ ಅಧಿಕಾರಿಯ ಮಾತು ಮೈಕಿನಲ್ಲಿ ಬಂತು. ವಿಶ್ವವಿದ್ಯಾಲಯದ ಸಭಾಂಗಣದ ತುಂಬ ಕೂತಿದ್ದ ಅಪ್ಪ ಅಮ್ಮಂದಿರೆಲ್ಲ ಒಟ್ಟಿಗೇ ತಿರುಗಿ ನೋಡಿದರು. ಮೇಜಿನ ಮುಂದೆ ತಂಗಿ ರಕ್ಷಾಳ ಪಕ್ಕ ನಿಂತಿದ್ದ ತಿಪ್ಪೇರುದ್ರನ ಕಿವಿ ಬಿಸಿಯಾಯಿತು.

ಸೀಟು ಸಿಕ್ಕ ಮಕ್ಕಳು ತಂದೆಯನ್ನೋ ತಾಯಿಯನ್ನೋ ಕರೆತಂದು ಒಪ್ಪಿಗೆ ಕೊಡಿಸಬೇಕಾದ ದಿನ ಅದು, ಸೋಮವಾರ. ಅಲ್ಲಿ ಕೂತವರೆಲ್ಲ ರಜೆ ಹಾಕಿ ಬಂದವರು. ಸಾಸ್ವೆಹಳ್ಳಿಯ ಕೆಸರುಗದ್ದೆಯಲ್ಲಿದ್ದ ಅವ್ವ ಹೊನ್ನೂರಮ್ಮನ ಕೆಲಸಕ್ಕೆ ರಜೆ ಅನ್ನುವುದೇ ಇರಲಿಲ್ಲ. ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು. ಹಾಗಾಗಿ ಅಣ್ಣ ಬಂದಿದ್ದ.

"ನೀನು ಎಷ್ಟು ಓದಿದೀಯಪ್ಪ?" ಎಂದರು ಅಧಿಕಾರಿ.

"ಎಂಟು. ಟಿಲ್ಲರ್ ಓಡಿಸ್ತೀನಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ರುದ್ರ ಮೇಜಿಗೆ ಕೈಯೂರಿ ಮುಂದೆ ಬಾಗಿದ. ಬಾಯಿಗೆ ಬಂದದ್ದು ಹೊರಗೆ ಬಿದ್ದಿದ್ದರೆ ತಂಗಿಯ ಸೀಟು ಅಲ್ಲೇ ಮುಗಿಯುತ್ತಿತ್ತು. ರಕ್ಷಾ ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು.

ಅಧಿಕಾರಿ ದನಿ ಇಳಿಸಿದರು. "ಕೋಪ ಮಾಡ್ಕೋಬೇಡ. ಹೋದ ವರ್ಷ ಒಬ್ಬ ಅಣ್ಣ ಹಿಂಗೇ ಬಂದು ಸಹಿ ಹಾಕಿದ. ದಸರಾ ರಜೆಗೆ ಊರಿಗೆ ಹೋದ ಹುಡುಗಿಗೆ ಮದುವೆ ಮಾಡಿಬಿಟ್ರು. ಹೆತ್ತವರಿಗೆ ಓದಿಸೋ ಮನಸ್ಸೇ ಇರಲಿಲ್ಲವಂತೆ. ಆ ಸೀಟಿಗೆ ಕಾದಿದ್ದ ಇನ್ನೊಬ್ಬಳಿಗೆ ಮೋಸ ಆಯ್ತು. ಅದಕ್ಕೇ ಹೆತ್ತವರ ಬಾಯಲ್ಲೇ ಕೇಳಬೇಕು ನಾನು. ಗುರುವಾರ ಕೊನೆ ದಿನ. ತಾಯಿ ಬಂದರೆ ಸೀಟು, ಇಲ್ಲದಿದ್ರೆ ಮುಂದಿನವರಿಗೆ."

"ನಾಟಿ ಮುಗಿದ ಮೇಲೆ ಕರೆದಿದ್ರೆ ಅವ್ವನೇ ಬರ್ತಿದ್ಲು ಸರ್," ಅಂದಳು ರಕ್ಷಾ ಮೆಲ್ಲಗೆ.

"ಯೂನಿವರ್ಸಿಟಿ ನಿಮ್ಮ ನಾಟಿ ನೋಡ್ಕೊಂಡು ನಡೆಯಲ್ಲಮ್ಮ."

ಸಂಜೆ ವಿಷಯ ಕೇಳಿದ ಹೊನ್ನೂರಮ್ಮ ಕಾಲಿನ ಕೆಸರು ತೊಳೆಯುತ್ತಿದ್ದವಳು ಚೊಂಬು ಹಿಡಿದು ಹಾಗೇ ನಿಂತಳು.

"ಗುರುವಾರನಾ? ಅವತ್ತು ಕೆಂಪಕ್ಕನ ಗದ್ದೆ ನಾಟಿ ಐತಲ್ಲೋ."

ಮುಯ್ಯಾಳು ಎಂದರೆ ಆ ಊರಲ್ಲಿ ಹುಡುಗಾಟವಲ್ಲ. ನಿನ್ನ ಗದ್ದೆಯಲ್ಲಿ ಅವಳು ಬಗ್ಗಿದರೆ ಅವಳ ಗದ್ದೆಯಲ್ಲಿ ನೀನು ಬಗ್ಗಬೇಕು. ಆಳಿಗೆ ಆಳು, ಬೆನ್ನಿಗೆ ಬೆನ್ನು. ದುಡ್ಡು ಕೊಟ್ಟು ತೀರಿಸುವ ಬಾಬತ್ತಲ್ಲ ಅದು.

"ನಮ್ಮ ನಾಟಿಗೆ ಮೈಯಲ್ಲಿ ಜ್ವರ ಇಟ್ಕೊಂಡು ಬಂದಿದ್ಲು ಪುಣ್ಯಾತ್ಗಿತ್ತಿ. ನಾ ತಪ್ಪಿಸಿದ್ರೆ ಮುಂದಿನ ಸಲ ಯಾವ ಮುಖ ಹೊತ್ತು ಅವಳ ಬಾಗ್ಲಿಗೆ ಹೋಗ್ಲಿ?"

"ಹಂಗಾರೆ ನಾನು ಹೋಗ್ತೀನಿ," ಅಂದ ರುದ್ರ.

"ಎಲ್ಲಿಗೆ?"

"ನಾಟಿಗೆ. ನಿನ್ನ ಬದಲು."

ಹೊನ್ನೂರಮ್ಮನಿಗೆ ನಗು ಬಂತು. "ಗಂಡಸ್ರು ಸಸಿ ಕೀಳ್ತಾರೆ, ಕಟ್ಟು ಹೊರ್ತಾರೆ. ಸಾಲಲ್ಲಿ ಬಗ್ಗಿ ನಾಟಿ ಹಾಕಿದ್ದು ಯಾರು ನೋಡ್ಯಾರೆ? ಊರು ನಗ್ತೈತೆ ಕಣೋ."

"ಮುಯ್ಯಿಗೆ ಆಳು ಬೇಕು. ಸೀರೆನೇ ಬೇಕು ಅಂತ ಯಾರು ಹೇಳ್ಯಾರೆ?"

ಅವಳ ನಗು ಅರ್ಧಕ್ಕೇ ನಿಂತಿತು. ಚೊಂಬು ಕೆಳಗಿಟ್ಟು, "ನಿಮ್ಮ ಮೇಷ್ಟ್ರೂ ನನ್ನ ಹಿಂಗೇ ಕರೆಸಿದ್ರು," ಅಂದಳು. "ಅವತ್ತೂ ನಾಟಿ ಇತ್ತು."

ರುದ್ರ ಮುಖ ತಿರುಗಿಸಿದ. ಎಂಟನೇ ಕ್ಲಾಸಿನಲ್ಲಿ ಯಾವುದೋ ಹೊಡೆದಾಟಕ್ಕೆ, ತಾಯಿಯನ್ನು ಕರೆತರುವವರೆಗೂ ಒಳಗೆ ಬರಬೇಡ ಎಂದು ಅವನನ್ನು ಹೊರಗೆ ನಿಲ್ಲಿಸಿದ್ದರು. ಅವ್ವನಿಗೆ ಬಿಡುವಾಗುವಷ್ಟರಲ್ಲಿ ಅವನು ಟಿಲ್ಲರ್ ಹಿಡಿದಿದ್ದ. ಆವತ್ತು ಹತ್ತಿದ ಸಿಟ್ಟು ಇವತ್ತಿಗೂ ಇಳಿದಿರಲಿಲ್ಲ. ಆದರೆ ಅದು ಯಾವತ್ತೂ ಅವ್ವನ ಮೇಲಿನದಾಗಿರಲಿಲ್ಲ.

"ಅದನ್ನ ಬಿಡವ್ವ. ನೀಲಿ ಸೀರೆ ಉಟ್ಕೊಂಡು ಹೋಗು. ಅಂಜಬ್ಯಾಡ. ಓದಿಸ್ತೀನಿ ಅಂತ ಒಂದು ಮಾತು ಹೇಳು, ಸಾಕು."

ಗುರುವಾರ ಅವನು ಪ್ಯಾಂಟು ಮಡಿಚಿ ಗದ್ದೆಗಿಳಿದಾಗ ಹೆಂಗಸರು ನಗು ತಡೆಯಲಾರದೆ ಕೆಸರಿಗೆ ಬೀಳುವಂತಾದರು.

"ಹೊನ್ನೂರಮ್ಮ ಮೀಸೆ ಬಿಟ್ಟಾಳಲ್ಲೇ," ಅಂದಳು ಚೌಡಕ್ಕ.

ಕೆಂಪಕ್ಕ ಅವನ ಕೈಗೆ ಸಸಿ ಕೊಟ್ಟಳು. "ಎರಡು ಮೂರು ಹಿಡ್ಕೊಂಡು ಹೆಬ್ಬೆಟ್ಟಲ್ಲಿ ಊರು. ಅಷ್ಟು ಆಳಕ್ಕೆ ಹೂಳ್ತಾರೇನೋ, ಅದೇನು ಕರೆಂಟ್ ಕಂಬನಾ?"

ಆ ಗದ್ದೆಯನ್ನು ಟಿಲ್ಲರಿನಲ್ಲಿ ಹದ ಮಾಡಿದವನು ಅವನೇ. ಆಗ ಅಂಗೈಯಗಲ ಕಂಡಿದ್ದ ಗದ್ದೆ, ಬಗ್ಗಿ ಹಿಂದಕ್ಕೆ ಹೆಜ್ಜೆಯಿಡುವಾಗ ಮುಗಿಯಲೇ ಒಲ್ಲದು. ಹೊತ್ತೇರುವಷ್ಟರಲ್ಲಿ ಸೊಂಟ ತನ್ನದಲ್ಲ ಅನ್ನಿಸಿತು. ಅವ್ವ ಊಟವಾದ ಮೇಲೆ ಗೋಡೆಗೆ ಬೆನ್ನು ಒತ್ತಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು. ಅದನ್ನು ಅವನು ನಿದ್ದೆ ಎಂದುಕೊಂಡಿದ್ದ.

ಮಧ್ಯಾಹ್ನ ಫೋನು ಬಂತು. ಕೈತುಂಬ ಕೆಸರು. ಬುತ್ತಿ ಬಿಚ್ಚಲು ಕೈ ತೊಳೆದಿದ್ದ ಕೆಂಪಕ್ಕ ಅವನ ಜೇಬಿನಿಂದ ಫೋನು ತೆಗೆದು ಅವನ ಕಿವಿಗೆ ಹಿಡಿದಳು.

"ಸೀಟು ಆಯ್ತಣ್ಣ," ಅಂದಳು ರಕ್ಷಾ.

"ಅವ್ವ ಮಾತಾಡಿದ್ಲಾ?"

"ಮೊದಲು ಅಂಜ್ತಿದ್ಲು. ಆಮೇಲೆ, ಮಗಳನ್ನ ಓದಿಸ್ತೀನ್ರಿ, ನಾನಿಲ್ಲಿಗೆ ಬರಾಕೆ ನನ್ನ ಮಗ ಅಲ್ಲಿ ನಾಟಿಗೆ ಬಗ್ಗಿದಾನೆ, ಅಂದ್ಲು. ನಮ್ಮ ಹಿಂದೆ ಒಬ್ಬ ಹುಡುಗಿ ಅಜ್ಜಿ ಜೊತೆ ಬಂದಿದ್ಲು. ಅವಳ ಹತ್ರ ಮಾತಾಡುವಾಗ ಆ ಸರ್ ಮೈಕು ಪಕ್ಕಕ್ಕಿಟ್ರು."

ಫೋನು ಸರಿಸು ಎಂದು ರುದ್ರ ಕೆಂಪಕ್ಕನಿಗೆ ಕಣ್ಣಲ್ಲೇ ಹೇಳಿದ.

ಬುತ್ತಿ ಮುಗಿಸಿ ಮತ್ತೆ ಸಾಲು ಹಿಡಿದಾಗ ಬದುವಿನ ಮೇಲೆ ಅದೇ ಊರಿನ ಸಿದ್ದೇಶ ಬೈಕ್ ನಿಲ್ಲಿಸಿದ. ಹಿಂದೆ ಇಬ್ಬರು ಗೆಳೆಯರು.

"ಏನ್ ರುದ್ರಕ್ಕ, ಬಳೆ ಎಲ್ಲಿ? ನಿಮ್ಮವ್ವ ಕುರ್ಚಿ ಮೇಲೆ ಕೂರಾಕೆ ಹೋದ್ಲು, ನಿನಗೆ ಸೀರೆ ಕೊಡೋದು ಮರೆತ್ಲಾ?"

ಹೋದ ವರ್ಷ ಇದಕ್ಕಿಂತ ಸಣ್ಣ ಮಾತಿಗೆ ಅದೇ ಬೈಕಿನ ಹೆಡ್‌ಲೈಟು ರುದ್ರನ ಕೈಯಲ್ಲಿ ಪುಡಿಯಾಗಿತ್ತು. ಅದು ಎಲ್ಲರಿಗೂ ಗೊತ್ತು. ಹೆಂಗಸರ ಕೈಗಳು ನಿಂತವು. ರುದ್ರ ಸೊಂಟ ನೆಟ್ಟಗೆ ಮಾಡಿ ಬದುವಿನತ್ತ ಬಂದ. ಸಿದ್ದೇಶ ಒಂದು ಕಾಲು ಹಿಂದಕ್ಕಿಟ್ಟ.

ಅವನ ಕಾಲ ಬುಡದಲ್ಲೇ ಸಸಿಯ ಕಟ್ಟುಗಳು ಬಿದ್ದಿದ್ದವು. ರುದ್ರ ಬಗ್ಗಿ ಒಂದನ್ನು ಎತ್ತಿಕೊಂಡ. ಆಮೇಲೆ ಬೆನ್ನು ತಿರುಗಿಸಿ, ಸಾಲಿನಲ್ಲಿ ಕೆಂಪಕ್ಕನ ಪಕ್ಕ ಖಾಲಿಯಿದ್ದ ಅವ್ವನ ಜಾಗದ ಕಡೆ ಕೆಸರು ತುಳಿಯುತ್ತ ನಡೆದುಹೋದ.